ಬೇವಿನ ಗಿಡದ ಕೆಳಗಿನ ಹಾಜರಿ

ಹೋದ ತಿಂಗಳು ಜಮಖಂಡಿಯಿಂದ ಸುಶೀಲಾಳ ಕಾಗದ ಬಂತು. ಸುಶೀಲಾ ಎಂದರೆ ನಾನಾ ಅವರ ಮೊಮ್ಮಗಳು. ನಾನಾ ಎಂದರೆ, ನಾನು ಹರೆಯದಲ್ಲಿ ಕಾರಕೂನನಾಗಿದ್ದ ಸಂಸ್ಥಾನದ ಕಚೇರಿಯ ಹಿರಿಯ ಕಾರಕೂನರು, ನನಗೆ ಕೆಲಸ ಕಲಿಸಿದವರು. ಹಳೆಯ ಮನೆ ಕೆಡವಿಸುತ್ತಿದ್ದೇವೆ, ಅಟ್ಟದ ಮೇಲೆ ಅಜ್ಜನ ಗಂಟೊಂದು ಸಿಕ್ಕಿದೆ, ಎಲ್ಲ ಮೋಡಿಯಲ್ಲಿದೆ, ಜಮೀನಿನ ಕಾಗದವೋ ಏನೋ, ಓದುವವರು ಈಗ ಯಾರೂ ಸಿಗುವುದಿಲ್ಲ, ಒಮ್ಮೆ ಬಂದು ನೋಡಿದರೆ ಇಡಬೇಕೋ ಒಗೆಯಬೇಕೋ ತಿಳಿಯುತ್ತದೆ ಎಂದು ಬರೆದಿದ್ದಳು. ಮೋಡಿ ಎಂದರೆ ಸಂಸ್ಥಾನದ ಕಾಲದಲ್ಲಿ ಕಚೇರಿಯ ಮರಾಠಿಯನ್ನು ಬರೆಯುತ್ತಿದ್ದ ಓಟದ ಲಿಪಿ. ಅದು ಬರುತ್ತದೆಂದು ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದರೆ ಈಗ ಒಳಗೊಳಗೇ ಹಿಗ್ಗುತ್ತೇನೆ. ಅದೊಂದೇ ಬರುತ್ತದೆ ಎಂಬುದೇ ನನ್ನ ಕುತ್ತಿಗೆಗೆ ಬಂದಿದ್ದ ಒಂದು ವರ್ಷವೂ ಇತ್ತು.

ಹೋದೆ. ಸುಶೀಲಾ ಗಂಟನ್ನು ಪಡಸಾಲೆಗೆ ತಂದಿಟ್ಟಳು. ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರ. ಬಿಚ್ಚಿದೊಡನೆ ಒಣಗಿದ ಬೇವಿನೆಲೆಯ ಪುಡಿ ಉದುರಿತು. ಹುಳು ಹತ್ತದಿರಲಿ ಎಂದು ಎಲ್ಲ ದಫ್ತರಗಳಲ್ಲಿ ನಾವು ಇಡುತ್ತಿದ್ದುದು. ಆಮೇಲೆ ಕಾಡಿಗೆ ಮಸಿಯ ವಾಸನೆ ಬಂತು. ಹಾಳೆ ಎತ್ತಿದರೆ ನಾಲ್ಕು ಕಾಳು ಮರಳು ಅಂಗೈಗೆ ಬಿತ್ತು. ಬರೆದ ಸಾಲು ಬೇಗ ಆರಲಿ ಎಂದು ಹಸಿ ಮಸಿಯ ಮೇಲೆ ಸಣ್ಣ ಮರಳು ಉದುರಿಸುತ್ತಿದ್ದೆವು. ಹಿಪ್ಪರಗಿ ಕಡೆಯ ಹೊಳೆಯ ಮರಳು, ಜರಡಿ ಹಿಡಿದು ತೂತಿನ ಡಬ್ಬಿಗೆ ತುಂಬಿ ಇಡುತ್ತಿದ್ದುದು. ಇಷ್ಟು ವರ್ಷಗಳಾದರೂ ಅದು ಹಾಳೆ ಬಿಟ್ಟಿರಲಿಲ್ಲ.

ಜಮೀನಿನ ಕಾಗದವಾಗಿರಲಿಲ್ಲ, ಒಂದು ಹಾಜರಿ ಪುಸ್ತಕ. ಮೊದಲ ಹಾಳೆಯಲ್ಲಿ ಏಳು ಜನರ ಹೆಸರಿದ್ದವು. ನಾಲ್ಕನೆಯದು ನನ್ನದು.

“ಏನದರೀ ಕಾಕಾ ಅದರೊಳಗ?” ಎಂದಳು ಸುಶೀಲಾ.

“ಒಂದ ಕಪ್ ಚಹಾ ಕೊಡವಾ. ಇದಕ್ಕ ಹೊತ್ತ ಹಿಡಿತೈತಿ,” ಎಂದೆ.

ಓದುವುದಕ್ಕೆ ಹೊತ್ತು ಬೇಕಿರಲಿಲ್ಲ. ಆ ಪುಸ್ತಕದಲ್ಲಿ ಮುಂದೆ ಎಲ್ಲೋ ಒಂದು ಹಾಳೆಯಲ್ಲಿ ನನ್ನ ಹೆಸರಿನ ಮೇಲೆ ದಪ್ಪನೆಯ ಅಡ್ಡಗೆರೆ ಎಳೆದಿರುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ನೋಡುವ ಧೈರ್ಯ ಬರಲು ಹೊತ್ತು ಬೇಕಿತ್ತು.

ನಮ್ಮದು ರಬಕವಿ. ಅಪ್ಪನದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಹೊತ್ತು ಮುಳುಗಿದಾಗಲೇ ಏಳುತ್ತಿದ್ದ. ಅಣ್ಣ ಅವನ ಪಕ್ಕದ ಕುಣಿಗಿಳಿದ. ನನ್ನನ್ನು ಮಾತ್ರ ಜಮಖಂಡಿಯ ಸಾಲಿಗೆ ಹಚ್ಚಿದರು. ಮ್ಯಾಟ್ರಿಕ್ ಪಾಸಾದೆ. ನಮ್ಮ ಓಣಿಯಲ್ಲಿ ಅದು ದೊಡ್ಡ ಮಾತು. ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾದದ್ದು ಇನ್ನೂ ದೊಡ್ಡದು. ಕೋಟು ಹಾಕಿ ರುಮಾಲು ಸುತ್ತಿ ಊರಿಗೆ ಹೋದರೆ ಅಪ್ಪನೇ ಕಟ್ಟೆಯ ಮೇಲೆ ಸರಿದು ಜಾಗ ಕೊಡುತ್ತಿದ್ದ.

ಕೈ ತಿದ್ದಿದವರು ನಾನಾ. ಮೋಡಿ ಬರೆಯುವ ರೀತಿಯೇ ಬೇರೆ. ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆಯಬೇಕು. ಆಮೇಲೆ ಲೇಖನಿ ಎತ್ತದೆ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸುತ್ತ ಆ ಗೆರೆಗೆ ಜೋತು ಹಾಕುತ್ತ ಹೋಗಬೇಕು. ನಾನು ಮೊದಲ ಮೂರು ತಿಂಗಳು ಬರೀ ಗೆರೆ ಎಳೆದೆ. “ಗೆರಿ ಸೀದಾ ಇದ್ರ ಅಕ್ಷರ ತಾವ ನಿಲ್ತಾವ. ಏನ ಬರೀಬೇಕಂತ ಆಮ್ಯಾಲೆ ವಿಚಾರ ಮಾಡು, ಮೊದಲ ಗೆರಿ ಎಳಿ,” ಎನ್ನುತ್ತಿದ್ದರು. ಅವರಿಗೆ ಇನ್ನೊಂದು ಚಾಳಿ ಇತ್ತು. ಸಂಜೆ ಮಸಿಕುಡಿಕೆ ಮುಚ್ಚುವ ಮೊದಲು ಮರುದಿನದ ಹಾಳೆ ತೆಗೆದು ಒಂದು ಗೆರೆ ಎಳೆದು ಇಡುತ್ತಿದ್ದರು. ಬೆಳಿಗ್ಗೆ ಬಂದವನಿಗೆ ಖಾಲಿ ಹಾಳೆ ಕಾಣಬಾರದು, ಕಂಡರೆ ಮೈಗಳ್ಳತನ ಹತ್ತುತ್ತದೆ ಎಂದು ಅವರ ಲೆಕ್ಕಾಚಾರ. ಹತ್ತು ವರ್ಷದಲ್ಲಿ ನನ್ನ ಅಕ್ಷರ ಅವರ ಅಕ್ಷರದಂತೆಯೇ ಆಯಿತು. ಸಹಿ ನೋಡದೆ ಇದು ಯಾರದೆಂದು ಹೇಳುವುದು ಕಷ್ಟವಾಗುತ್ತಿತ್ತು. ಅದರ ಜಂಬ ನನಗೆ ಚೆನ್ನಾಗಿಯೇ ಇತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಯುಗಾದಿಗೆ ಮೊದಲು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಊರಲ್ಲಿ ಮೆರವಣಿಗೆ ನಡೆಯಿತು. ನಾವೂ ಹೋಗಿ ಜೈಕಾರ ಹಾಕಿ ಬಂದೆವು, ಪೇಢೆ ತಿಂದೆವು. ಮರುವಾರದಿಂದ ದಫ್ತರಗಳನ್ನು ಕಟ್ಟಿ ಪೆಟ್ಟಿಗೆಗೆ ಹಾಕುವ ಕೆಲಸ. ಅದು ಮುಗಿದ ಮೇಲೆ ನಮಗೇ ಕೆಲಸ ಇರಲಿಲ್ಲ. ಕೆಲವರನ್ನು ಹೊಸ ಸರಕಾರ ತೆಗೆದುಕೊಂಡಿತು. ವಯಸ್ಸಾದ ಕೆಲವರು ಮನೆಗೆ ಹೋದರು. ಬರೀ ಮೋಡಿ ಬಲ್ಲ ನಮ್ಮಂಥ ಏಳು ಜನರಿಗೆ, ಮೇಲಿಂದ ಹುಕುಮು ಬರುವವರೆಗೆ ಕಾಯಿರಿ ಎಂದರು. ಯಾರ ತಪ್ಪೂ ಇರಲಿಲ್ಲ. ಒಂದು ದೊಡ್ಡ ಮನೆ ಬದಲಾಯಿಸುವಾಗ ಸಣ್ಣ ಸಾಮಾನು ಕೆಲವು ಅಂಗಳದಲ್ಲೇ ಉಳಿಯುತ್ತವಲ್ಲ, ಹಾಗೆ ಉಳಿದೆವು.

ಕಾಯುವುದನ್ನೂ ಕೆಲಸದಂತೆ ಮಾಡಬೇಕು ಎಂದು ಕಂಡುಹಿಡಿದವರು ನಾನಾ. ಕಚೇರಿಯ ಎದುರಿಗೆ ಒಂದು ಬೇವಿನ ಗಿಡ, ಅದರ ಸುತ್ತ ಕಟ್ಟೆ. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಕೋಟು ಹಾಕಿ, ರುಮಾಲು ಸುತ್ತಿ ಅಲ್ಲಿಗೆ ಬರಬೇಕು. ಏನೂ ಬರೆಯದ ಒಂದು ಕೋರಾ ಪುಸ್ತಕ ತಂದಿದ್ದರು. ಅದರಲ್ಲಿ ದಿನಕ್ಕೊಂದು ಗೆರೆ, ಗೆರೆಗೆ ಜೋತುಬಿದ್ದ ಏಳು ಹೆಸರು, ಹೆಸರಿನ ಕೆಳಗೆ ‘ಹಜರ್’. ಯಾರೂ ಕೇಳದ ಹಾಜರಿ ಅದು.

“ನಾಳೆ ಹುಕುಮ ಬಂತಂದ್ರ ಇಷ್ಟ ದಿನ ಎಲ್ಲಿದ್ರಿ ಅಂತ ಕೇಳ್ತಾರ. ಅವಾಗ ಏನ ತೋರಸ್ತೀರಿ, ನಿಮ್ಮ ಮಾರಿ?” ಎಂದು ನಾನಾ ಕೇಳಿದರು.

ನಾವು ನಕ್ಕೆವು, ಆದರೆ ಮರುದಿನ ಹತ್ತಕ್ಕೆ ಸರಿಯಾಗಿ ಹೋದೆವು. ಆ ಬೇಸಿಗೆಯಿಡೀ ಹೋದೆವು. ಬೇವಿನ ಹೂ ಕೋಟಿನ ಮೇಲೆ ಉದುರಿತು, ಆಮೇಲೆ ಹಣ್ಣು ಉದುರಿತು. ಜಮಖಂಡಿಯ ಬಿಸಿಲು ಗೊತ್ತಿದ್ದವರಿಗೆ ಕೋಟಿನ ಕಷ್ಟ ಬೇರೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದೆವು. ಅರ್ಧ ತಾಸು ರೊಟ್ಟಿ, ಅರ್ಧ ತಾಸು ಯಾವ ಸಾಹೇಬ ಎಲ್ಲಿಗೆ ಬರುತ್ತಾನೆ ಎಂಬ ಸುದ್ದಿ. ಐದಕ್ಕೆ ನಾನಾ ನಾಳಿನ ಗೆರೆ ಎಳೆದು ಪುಸ್ತಕ ಮುಚ್ಚಿದ ಮೇಲೆಯೇ ನಾವು ಏಳುತ್ತಿದ್ದುದು.

ಮೊದಲು ಬಿಟ್ಟವನು ಪಾಯಪ್ಪ. ತೇರದಾಳದ ಜೈನರ ಪೈಕಿ, ನನ್ನ ವಾರಿಗೆಯವನು, ನಾಲಿಗೆಗೆ ಲಗಾಮಿಲ್ಲದವನು. ಒಂದು ದಿನ ಬಂದು, “ನಾನಾ, ನಾ ಕಾಕಾನ ಅಂಗಡ್ಯಾಗ ಕುಂಡ್ರತೇನ್ರಿ. ಅಲ್ಲಿ ಗಿರಾಕಿಯರ ಬರ್ತಾರ,” ಎಂದು ಕೈಮುಗಿದು ಹೋದ. ನಾನಾ ಲೇಖನಿಯನ್ನು ಮಸಿಯಲ್ಲಿ ಚೆನ್ನಾಗಿ ಅದ್ದಿ ಅವನ ಹೆಸರಿನ ಮೇಲೆ ಉದ್ದಕ್ಕೂ ಒಂದು ಗೆರೆ ಹೊಡೆದರು. ಮರುದಿನದಿಂದ ಆರು ಹೆಸರು. ಆ ಗೆರೆ ಎಳೆಯುವಾಗ ಅವರ ಕೈ ಸ್ಥಿರವಾಗಿತ್ತು.

ನಾನೂ ಬೇರೆ ದಾರಿ ನೋಡಲಿಲ್ಲ ಎಂದಲ್ಲ. ನಾಲ್ಕು ದಿನ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿಕಳಿಸಿ ರಬಕವಿಗೆ ಹೋಗಿ ಅಪ್ಪನ ಕುಣಿಗೆ ಇಳಿದೆ. ಅಪ್ಪ ತೀರಿಕೊಂಡು ಆ ಮಗ್ಗ ಖಾಲಿಯೇ ಇತ್ತು. ಲಾಳಿ ನನ್ನ ಕೈಯಲ್ಲಿ ಓಡಲಿಲ್ಲ. ಒಮ್ಮೆ ಜೋರಾಗಿ ಹೋಗಿ ನೆಲಕ್ಕೆ ಬೀಳುವುದು, ಒಮ್ಮೆ ನಡುವೆ ಸಿಕ್ಕಿಕೊಳ್ಳುವುದು. ಸಂಜೆ ಅಣ್ಣ ಬಂದು ನಾನು ನೇಯ್ದ ನಾಲ್ಕು ಬೆರಳು ಬಟ್ಟೆ ನೋಡಿದ. ಬೈಯಲಿಲ್ಲ. ನನ್ನ ಪಕ್ಕದಲ್ಲೇ ಕುಳಿತು ಎಳೆ ಎಳೆಯಾಗಿ ಅದನ್ನು ಬಿಚ್ಚಿ ಮತ್ತೆ ಮೊದಲಿನಂತೆ ಮಾಡಿದ. “ನಿಂದ ಕೈ ಬರಿಯೂ ಕೈ ಆಗೇತೋ ಮಲ್ಲಾ. ಸಿಟ್ಟಾಗಬ್ಯಾಡ,” ಎಂದ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಕಾಲೇಜಿನ ಮಾತು ತೆಗೆದವನೂ ಪಾಯಪ್ಪನೇ. ಅವನ ದಾಯಾದಿಯೊಬ್ಬ ಧಾರವಾಡದಲ್ಲಿ ಓದುತ್ತಿದ್ದ. ಮ್ಯಾಟ್ರಿಕ್ ಆದವನು ಯಾವ ವಯಸ್ಸಿನಲ್ಲಾದರೂ ಸೇರಬಹುದು ಎಂದು ಕೇಳಿಕೊಂಡು ಬಂದು, ಒಂದು ಅರ್ಜಿಯ ಫಾರ್ಮನ್ನೂ ತರಿಸಿ ಮನೆಗೆ ಬಂದು ನನ್ನ ಮುಂದಿಟ್ಟ.

“ಹುಚ್ಚ ಹಿಡದೈತೇನಲೇ? ಮೂವತ್ತಕ್ಕ ಒಂದ ಕಮ್ಮಿ. ನನ್ನ ಮಗಳ ಬಿನ್ನೆತ್ತೆ ಓದಾಕತ್ತಾಳ,” ಎಂದೆ. ಬಿನ್ನೆತ್ತೆ ಎಂದರೆ ಆಗಿನ ಒಂದನೆಯ ಇಯತ್ತೆಗೂ ಮೊದಲಿನ ವರ್ಗ.

“ಹಂಗಾರ ಇಬ್ಬರೂ ಕೂಡೇ ಸಾಲಿಗೆ ಹೋಗ್ರಿ. ಒಬ್ಬರದ ಪಾಟಿ ಒಬ್ಬರು ಒರಸ್ರಿ,” ಎಂದ ಪಾಯಪ್ಪ. “ಮೋಡಿ ಆತು ಮಲ್ಲಪ್ಪಾ. ಇನ್ನ ಅದನ್ನ ಕೇಳವರಿಲ್ಲ. ಇಂಗ್ರೇಜಿ ಸಾಲಿ ಕಲತವರು ಬೇಕಾಗ್ಯಾರ, ಮಾಸ್ತರು ಬೇಕಾಗ್ಯಾರ. ನಾಕ ವರ್ಷ ಕಣ್ಣ ಮುಚ್ಚಿ ಓದಿ ಬಾ.”

ನಾಲ್ಕು ವರ್ಷ! ಅದನ್ನು ಅವನು ನಾಲ್ಕು ಮಾವಿನಹಣ್ಣು ಎನ್ನುವಂತೆ ಹೇಳಿದ. ಆದರೂ ಅವನ ಎದುರಿಗೇ ಲೇಖನಿ ತೆಗೆದುಕೊಂಡು ಕುಳಿತೆ. ಬರೆದು ಇಟ್ಟುಕೊಂಡರೆ ಏನು ಗಂಟು ಹೋಗುತ್ತದೆ, ಕಳಿಸುವುದು ಬಿಡುವುದು ಆಮೇಲಿನ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಇಂಗ್ಲಿಷ್ ಅಚ್ಚಿನ ಫಾರ್ಮು. ಮೊದಲ ಸಾಲಿನಲ್ಲಿ ಹೆಸರು ಬರೆಯಬೇಕು. ಮಸಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಈ ತುದಿಯಿಂದ ಆ ತುದಿಗೆ ಒಂದು ಅಚ್ಚುಕಟ್ಟಾದ ಗೆರೆ ಎಳೆದೆ. ಹೆಸರು ಬರೆಯುವ ಜಾಗದ ನಟ್ಟನಡುವೆ! ಹತ್ತು ವರ್ಷದ ಕೈ, ಮನಸ್ಸನ್ನು ಕೇಳಲಿಲ್ಲ. ಅಚ್ಚಿನ ಅಕ್ಷರಗಳ ಮೇಲೆ ಹಾಯ್ದ ಆ ಗೆರೆ, ಯಾರೋ ಸಿಟ್ಟಿನಿಂದ ಹೆಸರು ಹೊಡೆದು ಹಾಕಿದಂತೆ ಕಂಡಿತು.

ಪಾಯಪ್ಪ ಬಿದ್ದು ಬಿದ್ದು ನಕ್ಕ. “ಎಂಥಾ ಕಾರಕೂನಲೇ ನೀ! ಹೆಸರ ಬರಿಯೂಕಿಂತ ಮೊದಲ ಹೊಡದ ಹಾಕಿದೆಲ್ಲೋ!”

ಅವನಿಗೆ ನಗೆ, ನನಗೆ ಅದು ಶಕುನ ಎನಿಸಿತು. ಕೈಯೇ ಬೇಡ ಎನ್ನುತ್ತಿದೆ, ಬಿಡು ಎಂದುಕೊಂಡೆ. ಇನ್ನೊಂದು ಫಾರ್ಮು ತರಿಸುತ್ತೇನೆ, ಎಂಟು ದಿನ ಬೇಕು ಎಂದು ಪಾಯಪ್ಪ ಎದ್ದ. ಬೇಡ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ.

ಗಂಗವ್ವ, ಎಂದರೆ ನನ್ನ ಹೆಂಡತಿ, ಇಷ್ಟು ಹೊತ್ತೂ ಒಳಗಿನ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅವಳು ಬನಹಟ್ಟಿಯ ನೇಕಾರರ ಮನೆಯವಳು. ಮಾತು ಕಡಿಮೆ, ಕಣ್ಣು ಚುರುಕು. ಪಾಯಪ್ಪ ಹೋದ ಮೇಲೆ ಆ ಫಾರ್ಮನ್ನು ಕೈಗೆತ್ತಿಕೊಂಡು ಗೆರೆಯನ್ನು ನೋಡಿದಳು.

“ಓದಿ ಏನಾಗ್ತೀರಿ?” ಎಂದಳು.

“ಏನಾಗ್ತೇನಿ ಅಂತ ನನಗರ ಏನ ಗೊತ್ತು? ಮಾಸ್ತರ ಆದರ ಆದೇನು. ಆಗದನೂ ಇದ್ದೇನು.”

“ಈಗ ಹೋಗಿ ಗಿಡದ ಬುಡಕ ಕುಂಡರತೀರಲ್ಲ, ಅದರಿಂದ ಏನಾಗ್ತೀರಿ?”

ಅವಳು ಮೊರ ಕೆಳಗಿಟ್ಟಳು. “ನೋಡ್ರಿ, ಕುಂಡ್ರೂದಂತೂ ಐತಿ. ಕೋಟ ಹಾಕ್ಕೊಂಡ ಗಿಡದ ಬುಡಕ ಕುಂಡ್ರೂಕಿಂತ ಬುಕ್ಕ ಹಿಡಕೊಂಡ ಸಾಲಿ ಬಾಕಿನ ಮ್ಯಾಲೆ ಕುಂಡ್ರೂದು ಛಲೋ ಅಲ್ಲೇನು? ನಾ ರಬಕವಿಗೆ ಹೋಗಿ ಭಾವನೋರ ಮನ್ಯಾಗ ಕಂಡಿಕಿ ಸುತ್ತತೇನಿ. ನನ್ನ ಕೈಗೆ ಆ ಕೆಲಸ ಇನ್ನಾ ಮರತಿಲ್ಲ.” ಕಂಡಿಕೆ ಸುತ್ತುವುದೆಂದರೆ ಲಾಳಿಗೆ ಹಾಕುವ ನೂಲನ್ನು ಸಣ್ಣ ಕೊಳವೆಗೆ ಸುತ್ತುವುದು. ನಾನು ಕಾರಕೂನನಾದ ಮೇಲೆ ಅವಳ ಕೈಯಿಂದ ರಾಟೆ ಬಿಡಿಸಿದ್ದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡವನು ನಾನು. ಆ ಮಾತು ಕೇಳಿ ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಯನ್ನು ಸಿಟ್ಟು ಮಾಡಿಕೊಂಡು ಹೊರಗೆ ಹೋದೆ.

ಎರಡನೆಯ ಫಾರ್ಮು ಬಂತು. ಅದನ್ನು ಮಡಚಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ದಿನಾ ಬೇವಿನ ಗಿಡಕ್ಕೆ ಹೋದೆ. ಹೊತ್ತಿಗೊಂದು ಮನಸ್ಸು. ಬೆಳಿಗ್ಗೆ ಹೋಗೋಣ ಎನಿಸುವುದು, ಮಧ್ಯಾಹ್ನ ಬುತ್ತಿ ಬಿಚ್ಚುವಾಗ, ಹದಿನೆಂಟು ವರ್ಷದವರ ನಡುವೆ ಈ ಮೀಸೆ ಹೊತ್ತು ಹೇಗೆ ಕೂಡುವುದು ಎನಿಸುವುದು. ನಾಲ್ಕು ವರ್ಷ ಓದಿ ಕೆಲಸ ಸಿಗದಿದ್ದರೆ? ನಾನು ಹೋದ ಮರುದಿನವೇ ಹುಕುಮು ಬಂದರೆ? ಈ ಎರಡನೆಯ ಭಯವೇ ದೊಡ್ಡದು. ಕಾಯುವ ಕೆಲಸದಲ್ಲಿ ಇದೊಂದು ಮೋಸವಿದೆ. ಎಷ್ಟು ದಿನ ಕಾದಿರುತ್ತೇವೋ ಅಷ್ಟು ಬಿಟ್ಟೇಳುವುದು ಕಷ್ಟವಾಗುತ್ತದೆ. ನಾನಾ ಮಾತ್ರ ದಿನಾ ಅದೇ ಗಟ್ಟಿ ದನಿಯಲ್ಲಿ, “ಈ ವಾರದಾಗ ಬರ್ತದ ನೋಡ್ರಿ,” ಎನ್ನುತ್ತಿದ್ದರು.

ಮಿರಗ, ಎಂದರೆ ಮುಂಗಾರಿನ ಮೃಗಶಿರ ಮಳೆ, ಕೂಡಿದ ದಿನ ಮಧ್ಯಾಹ್ನ ಮೋಡ ಕಟ್ಟಿತು. ದೊಡ್ಡ ಹನಿ ಬಿದ್ದವು, ಆಮೇಲೆ ಒಮ್ಮೆಲೇ ಧೋ ಎಂದು ಸುರಿಯಿತು. ನಾವು ಆರು ಜನ ಓಡಿ ಕಚೇರಿಯ ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಮಾಡಿನ ಅಂಚು ಒಂದು ಮೊಳ ಮಾತ್ರ ಮುಂದಿತ್ತು. ಒಳಗೆ ಟೈಪ್‌ರೈಟರಿನ ಟಕಟಕ ಕೇಳುತ್ತಿತ್ತು. ಹೊಸದಾಗಿ ಬಂದವರು ಕೆಲಸ ಮಾಡುತ್ತಿದ್ದರು. ಹೊಸ ಸಿಪಾಯಿ ಬಾಗಿಲು ತೆಗೆದು, ನಾವು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಸಭ್ಯವಾಗಿಯೇ ಹೇಳಿದ:

“ಅಪ್ಪಾರ, ತುಸು ಸರೀರಿ. ಬಾಗಲಿಗೆ ದಾರಿ ಬಿಡ್ರಿ.”

ನಾವು ಸರಿದೆವು. ನಾನು ನಾನಾ ಅವರ ಕಡೆ ತಿರುಗಿದೆ. ಹಾಜರಿ ಪುಸ್ತಕವನ್ನು ಕೋಟಿನೊಳಗೆ ಎದೆಗೆ ಅವಚಿ ಹಿಡಿದಿದ್ದರು. ಅವರ ಕೆಂಪು ರುಮಾಲಿನ ಬಣ್ಣ ನೆನೆದು ಹಣೆಯಿಂದ ಗಲ್ಲಕ್ಕೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನನ್ನನ್ನು ನೋಡಿ, “ಪುಸ್ತಕಕ್ಕ ಒಂದ ಹನಿ ತಾಗಿಲ್ಲ ನೋಡು,” ಎಂದು ನಕ್ಕರು. ಹೆಮ್ಮೆಯಿಂದ ನಕ್ಕರು. ಅವರ ಅಕ್ಷರ ನನಗೆ ಬಂದಿತ್ತು, ಅವರ ಗೆರೆ ಬಂದಿತ್ತು. ಇನ್ನು ಮೂವತ್ತು ವರ್ಷಕ್ಕೆ ಈ ನಿಲುವೂ ಬರುತ್ತದೆ ಎಂದು ಅನಿಸಿ ನನಗೆ ಹೆದರಿಕೆಯಾಯಿತು. ಆ ಸಂಜೆ ಮನೆಗೆ ಹೋಗಿ ಒದ್ದೆ ಕೋಟಿನಿಂದ ಫಾರ್ಮು ತೆಗೆದು ಆರಿಸಿ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಗೆರೆ ಎಳೆಯದೆ ನನ್ನ ಹೆಸರು ಬರೆದೆ. ಬಿನ್ನೆತ್ತೆಯ ಮಗು ಬರೆದಂತಿತ್ತು. ಗಂಗವ್ವ ದೀಪ ಹತ್ತಿರ ಹಿಡಿದಿದ್ದಳು.

ಖರ್ಚಿನ ಮಾತನ್ನು ಅವಳೂ ಅಣ್ಣನೂ ನನ್ನನ್ನು ಬಿಟ್ಟು ಮುಗಿಸಿದರು. ಉಳಿದದ್ದು ನಾನಾ ಅವರಿಗೆ ಹೇಳುವುದು. ಹೇಳದೆ ಹೋಗಿಬಿಡಲೇ ಎಂದೂ ಯೋಚಿಸಿದೆ. ಕೊನೆಗೆ, ಹೊರಡುವ ಹಿಂದಿನ ದಿನ ಎಲ್ಲರೂ ಎದ್ದು ಹೋದ ಮೇಲೆ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಉಳಿದೆ. ಅವರು ನಾಳಿನ ಗೆರೆ ಎಳೆಯುತ್ತಿದ್ದರು.

“ನಾನಾ, ನಾಳಿಂದ ನಾ ಬರೂದಿಲ್ರಿ. ಧಾರವಾಡಕ್ಕ ಕಾಲೇಜಿಗೆ ಹೊಂಟೇನಿ.”

ಗೆರೆ ನಡುವೆ ನಿಲ್ಲಲಿಲ್ಲ. ಆ ತುದಿ ಮುಟ್ಟಿಸಿ ಲೇಖನಿ ಕೆಳಗಿಟ್ಟರು. “ಈ ವಯಸ್ಸಿಗೆ ಹುಡುಗರ ಜೋಡಿ ಕೂತು ಓದ್ತೀಯಾ? ನಾ ಕಲಿಸಿದ್ದು ಸಾಲಲಿಲ್ಲೇನು ನಿನಗ?”

“ಹಂಗಲ್ರಿ...”

“ಮತ್ತ ಹೆಂಗ? ಹುಕುಮ ಬಂದ್ರ ಏನ ಮಾಡ್ತಿ?”

ಆಗ ನಾನು ಆಡಬಾರದ ಮಾತಾಡಿದೆ. “ಹುಕುಮ ಬರೂದಿಲ್ರಿ ನಾನಾ. ನಿಮಗೂ ಗೊತ್ತೈತಿ,” ಎಂದೆ.

ಅವರು ಪುಸ್ತಕ ಮುಚ್ಚಿ, “ಹೋಗು. ನಾಳೆ ನಿನ್ನ ಹೆಸರು ಹೊಡದ ಹಾಕ್ತೇನಿ,” ಎಂದರು. ಕಾಲಿಗೆರಗಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಮರುದಿನ ಸರ್ವಿಸ್ ಮೋಟಾರು ಹತ್ತಿ ಕುಡಚಿಗೆ ಹೋಗಿ ರೈಲು ಹಿಡಿದೆ. ರಬಕವಿಯಲ್ಲಿ ಮೋಟಾರು ನಿಂತಾಗ ಗಂಗವ್ವ ಮಗಳನ್ನು ಎತ್ತಿಕೊಂಡು ಇಳಿದಳು, ರಾಟೆಯ ಕೆಲಸಕ್ಕೆ. ಧಾರವಾಡದಲ್ಲಿ ಕಾಲೇಜಿನ ಸಿಪಾಯಿ ನನ್ನ ಕೋಟು ರುಮಾಲು ನೋಡಿ ಎದ್ದು ನಿಂತು, “ಯಾರನ್ನ ಹಚ್ಚಾಕ ಬಂದೀರಿ ಸಾಹೇಬ್ರ?” ಎಂದು ಕೇಳಿದ. “ನನ್ನನ್ನ,” ಎಂದೆ. ಅವನು ಕೂಡಲೇ ಕುಳಿತ. ಓದು ಕಷ್ಟವಾಯಿತು, ನಗೆಪಾಟಲೂ ಆಯಿತು. ಒಮ್ಮೆ ಫೇಲಾಗಿ ನಾಲ್ಕು ವರ್ಷದ್ದು ಐದಾಯಿತು. ಆಮೇಲೆ ಮುಧೋಳದಲ್ಲಿ ಮಾಸ್ತರನಾಗಿ ಅಲ್ಲೇ ನಿವೃತ್ತನಾದೆ. ಅದು ಬೇರೆ ಕಥೆ.

ಇಲ್ಲಿ ಹೇಳಬೇಕಾದ್ದು ಮೊದಲ ದೀಪಾವಳಿಯದು. ಕಾಲೇಜಿಗೆ ಸೂಟಿ ಬಿಟ್ಟಾಗ ಊರಿಗೆ ಬಂದವನು ಏನೋ ಕೆಲಸಕ್ಕೆ ಜಮಖಂಡಿಗೆ ಹೋದೆ. ಕಚೇರಿಯ ಬೀದಿ ತಿರುಗುವಾಗ ದೂರದಿಂದಲೇ ಬೇವಿನ ಗಿಡ ಕಂಡಿತು. ಕೆಳಗೆ ಒಬ್ಬರೇ ಕುಳಿತಿದ್ದರು. ಕೋಟು, ಕೆಂಪು ರುಮಾಲು, ತೊಡೆಯ ಮೇಲೆ ಪುಸ್ತಕ. ಹೋಗಿ ಮಾತಾಡಿಸಬೇಕಿತ್ತು. ನಾನು ಪಕ್ಕದ ಓಣಿ ಹಿಡಿದು ಹೋದೆ. ಹೆಸರು ಹೊಡೆದ ಪುಸ್ತಕದ ಎದುರಿಗೆ ನಿಲ್ಲಲಾರೆ ಎಂದುಕೊಂಡೆ. ಖರೆ ಹೇಳಬೇಕೆಂದರೆ, ಹುಕುಮು ಬಂದಿಲ್ಲ ಎಂಬುದನ್ನು ಅವರ ಮುಖದಲ್ಲಿ ನೋಡಲಾರದೆ ಹೋದೆ. ಮುಂದಿನ ಯುಗಾದಿಗೆ ಮೊದಲೇ ಪಾಯಪ್ಪನ ಕಾಗದ ಬಂತು. ನಾನಾ ತೀರಿಕೊಂಡಿದ್ದರು.

ಸುಶೀಲಾ ತಂದಿಟ್ಟ ಚಹಾ ಆರಿ ಹೋಗಿತ್ತು. ಹಾಳೆ ತಿರುವಿದೆ. ಪಾಯಪ್ಪನ ಮೇಲೆ ಹೊಡೆದ ಗೆರೆ ಸಿಕ್ಕಿತು. ನನ್ನ ನಾಲ್ಕು ದಿನದ ಹುಷಾರಿಲ್ಲದ್ದು ಸಿಕ್ಕಿತು. ಮಿರಗದ ಮಳೆಯ ದಿನ ಎಲ್ಲರೂ ಹಜರ್. ಆಮೇಲೆ ನಾನು ಧಾರವಾಡಕ್ಕೆ ಹೊರಟ ದಿನ. ಕಣ್ಣು ಕಿರಿದು ಮಾಡಿ ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನನ್ನ ಹೆಸರಿನ ಮೇಲೆ ಗೆರೆ ಇರಲಿಲ್ಲ. ಕೆಳಗೆ, ಅದೇ ಸ್ಥಿರವಾದ ಕೈಯಲ್ಲಿ, ‘ರಜಾ. ಶಿಕ್ಷಣಕ್ಕಾಗಿ’ ಎಂದಿತ್ತು.

ಮರುದಿನ ‘ರಜಾ’. ಅದರ ಮರುದಿನವೂ ‘ರಜಾ’. ಉಳಿದ ಹೆಸರುಗಳು ಒಂದೊಂದಾಗಿ ಹೋದವು. ಇಬ್ಬರಿಗೆ ಬಿಜಾಪುರದ ಕಡೆ ಕೆಲಸವಾಯಿತು, ಇಬ್ಬರು ತಾವೇ ಬಿಟ್ಟರು. ಬಿಟ್ಟವರ ಮೇಲೆಲ್ಲ ದಪ್ಪ ಗೆರೆ. ದಸರೆಯ ಹೊತ್ತಿಗೆ ಎರಡೇ ಹೆಸರು ಉಳಿದವು. ಅವರದು ಹಜರ್, ನನ್ನದು ರಜಾ. ದೀಪಾವಳಿಯ ಹಾಳೆಯಲ್ಲೂ ಹಾಗೆಯೇ. ಆ ದಿನ ನಾನು ಪಕ್ಕದ ಓಣಿಯಲ್ಲಿದ್ದೆ. ಹುಕುಮು ಬಂದರೆ ನನ್ನ ಜಾಗ ಹೋಗಬಾರದೆಂದು ಆ ಮನುಷ್ಯ ದಿನಾ ಕುಳಿತು ನನ್ನ ರಜೆ ಮಂಜೂರು ಮಾಡುತ್ತಿದ್ದರು, ನಾನು ಅವರಿಗೆ ಮುಖ ತಪ್ಪಿಸಿ ಹೋದೆ. ಪಡಸಾಲೆಯಲ್ಲಿ ಕುಳಿತು, ಪರರ ಮನೆ ಎಂಬುದನ್ನೂ ಮರೆತು, ಅತ್ತುಬಿಟ್ಟೆ.

ಕೊನೆಯ ಹಾಳೆಯಲ್ಲಿ ಹೆಸರುಗಳಿರಲಿಲ್ಲ. ಬರೀ ನಾಳಿನ ಗೆರೆ, ಈ ತುದಿಯಿಂದ ಆ ತುದಿಗೆ, ತುಸುವೂ ಅಲುಗದೆ.

ಸುಶೀಲಾಳಿಂದ ಪೆನ್ನು ಕೇಳಿ ತೆಗೆದುಕೊಂಡೆ. ಆ ಗೆರೆಯ ಕೆಳಗೆ, ಲೇಖನಿ ಎತ್ತದೆ, ನನ್ನ ಹೆಸರು ಬರೆದೆ. ಅದರ ಕೆಳಗೆ ‘ಹಜರ್’ ಎಂದು ಬರೆದೆ. ಬಾಲ್‌ಪೆನ್ನಿಗೆ ಮರಳು ಬೇಕಾಗಿಲ್ಲ. ಆದರೂ ಹಾಳೆಗಳ ಸಂದಿಯಲ್ಲಿ ಉಳಿದಿದ್ದ ನಾಲ್ಕು ಕಾಳನ್ನು ಅದರ ಮೇಲೆ ಉದುರಿಸಿದೆ.

“ಜಮೀನಿಂದ ಏನೂ ಇಲ್ಲಲ್ರೀ ಕಾಕಾ? ಮತ್ತ ಒಗದ ಬಿಡ್ಲೇನ್ರಿ?” ಎಂದು ಸುಶೀಲಾ ಮೆಲ್ಲಗೆ ಕೇಳಿದಳು.

“ಬ್ಯಾಡವಾ,” ಎಂದೆ. “ನಿಮ್ಮಜ್ಜ ನನ್ನ ಹೆಸರ ಹೊಡದಿಲ್ಲ.”